ಪಾತ್ರೆಯೇ ಹೆಪ್ಪಾದಾಗ

2020ನೆಯ ಇಸವಿಯ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಕನ್ನಡನಾಡಿನ ಮನೆಮನೆಗಳಲ್ಲಿ ಹೊಸ ಶಬ್ದವೊಂದು ಓಡಾಡಿತು. ಗಾಯಕ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ಕೊರೋನಾ ಜಾಡ್ಯಕ್ಕೆ ತುತ್ತಾಗಿ ಚೆನ್ನೈ ನಗರದ ಆಸ್ಪತ್ರೆಯೊಂದರಲ್ಲಿ ಮಲಗಿದ್ದ ದಿನಗಳು ಅವು. ಸಂಜೆಯ ವಾರ್ತೆಗಾಗಿ ಕಾದು ಕುಳಿತವರ ಕಿವಿಗೆ ‘ಎಕ್ಮೋ’ ಎಂಬ ಮಾತು ಮತ್ತೆಮತ್ತೆ ಬೀಳುತ್ತಿತ್ತು. ಅದು ಔಷಧವೋ, ಶಸ್ತ್ರಕ್ರಿಯೆಯೋ, ಯಂತ್ರವೋ ಬಹುಮಂದಿಗೆ ತಿಳಿಯದು. ತಿಳಿದದ್ದು ಇಷ್ಟೇ: ಸಾವಿರಾರು ಹಾಡುಗಳಿಗೆ ಉಸಿರು ಕೊಟ್ಟ ಶ್ವಾಸಕೋಶಗಳು ಸೋತಿವೆ, ಅವುಗಳ ಕೆಲಸವನ್ನು ಹೊರಗಿನ ಸಾಧನವೊಂದು ಮಾಡುತ್ತಿದೆ. ಸೆಪ್ಟೆಂಬರ್ 25ರಂದು ಅವರು ಕಣ್ಣು ಮುಚ್ಚಿದರು. ಶಬ್ದ ಮಾತ್ರ ಜನರ ನಾಲಗೆಯ ಮೇಲೆ ಉಳಿಯಿತು.

ಈ ಎಕ್ಮೋ ಎಂಬುದು ಹೃದಯದ ಶಸ್ತ್ರಕ್ರಿಯೆಯಲ್ಲಿ ಬಳಸುವ ಹೃದಯ-ಶ್ವಾಸಕೋಶ ಯಂತ್ರದ ತಮ್ಮನೆಂದು ಹೇಳಬಹುದು. ಎರಡರ ಕೆಲಸವೂ ಹೆಚ್ಚುಕಡಮೆ ಒಂದೇ. ದೇಹದ ದೊಡ್ಡ ಸಿರೆಯಿಂದ ಕಪ್ಪು ರಕ್ತವನ್ನು ಕೊಳವೆಯೊಂದು ಹೊರಕ್ಕೆ ತರುತ್ತದೆ. ಪಂಪು ಅದನ್ನು ಮುಂದಕ್ಕೆ ದೂಡುತ್ತದೆ. ಕೃತಕ ಶ್ವಾಸಕೋಶದಲ್ಲಿ ಸಾವಿರಾರು ಟೊಳ್ಳು ಎಳೆಗಳಿವೆ. ಎಳೆಗಳ ಒಳಗೆ ಆಮ್ಲಜನಕ, ಹೊರಗೆ ರಕ್ತ. ನಡುವಣ ಗೋಡೆಯ ಮೂಲಕ ಅನಿಲಗಳ ವಿನಿಮಯವಾಗಿ, ಕೆಂಪೇರಿದ ರಕ್ತ ದೇಹಕ್ಕೆ ಮರಳುತ್ತದೆ. ಶಸ್ತ್ರಕ್ರಿಯೆಯ ವೇಳೆ ಪ್ರಾಯದ ಮನುಷ್ಯನೊಬ್ಬನಿಗೆ ನಿಮಿಷವೊಂದಕ್ಕೆ ಸುಮಾರು 4ರಿಂದ 5 ಲೀಟರು ರಕ್ತ ಹೀಗೆ ಹರಿಯಬೇಕು. ಅವನ ಮೈಯಲ್ಲಿರುವ ರಕ್ತವೇ ಸುಮಾರು 5 ಲೀಟರು. ಎಂದರೆ ಒಂದೊಂದು ನಿಮಿಷಕ್ಕೂ ಹೆಚ್ಚುಕಡಮೆ ಸಮಸ್ತ ರಕ್ತವೂ ಮನೆ ಬಿಟ್ಟು ಪರಸ್ಥಳಕ್ಕೆ ಹೋಗಿ ಬರುತ್ತದೆ.

ಇಂಥ ಯಂತ್ರವನ್ನು ಕಂಡವರು ಪಂಪಿನ ಚಾತುರ್ಯವನ್ನು ಮೆಚ್ಚುವುದು ಸಹಜ. ಆದರೆ ಪಂಪಿನ ತೊಡಕು ಬೇಗ ಬಿಡಿಸಿತು. ಅಂದಿನಿಂದ ಇಂದಿನವರೆಗೂ ಪೂರ್ತಿಯಾಗಿ ಬಿಡಿಸದೆ ಉಳಿದಿರುವ ತೊಡಕು ಬೇರೊಂದು: ಆ ಕೊಳವೆಯೊಳಗೆ ಹರಿಯಲು ರಕ್ತವನ್ನು ಒಪ್ಪಿಸುವುದು ಹೇಗೆ?

ಹಾಲು ಮತ್ತು ನೆತ್ತರು

ಕನ್ನಡದಲ್ಲಿ ರಕ್ತ ‘ಹೆಪ್ಪುಗಟ್ಟುತ್ತದೆ’ ಎನ್ನುತ್ತಾರೆ. ಹೆಪ್ಪೆಂದರೆ ರಾತ್ರಿಯ ಹೊತ್ತು ಉಗುರುಬೆಚ್ಚಗಿನ ಹಾಲಿಗೆ ಗೃಹಿಣಿ ಬೆರೆಸುವ ಒಂದು ಚಮಚ ಮಜ್ಜಿಗೆ. ಹಿಂದಿನ ದಿನದ ಮೊಸರಿನ ಪಾತ್ರೆಯನ್ನು ಚೆನ್ನಾಗಿ ತೊಳೆಯದೆ ಹಾಲು ಸುರಿದರೆ ಬೇರೆ ಹೆಪ್ಪು ಬೇಡ; ಪಾತ್ರೆಯೇ ಹೆಪ್ಪಾಗುತ್ತದೆ. ರಕ್ತದ ವಿಷಯದಲ್ಲಿ ಈ ಮಾತು ಇನ್ನಷ್ಟು ಕಠಿನವಾದ ಸತ್ಯ. ಎಷ್ಟೇ ಬೆಳಗಿದ ಪಾತ್ರೆಯಾಗಲಿ, ಎಷ್ಟೇ ಶುದ್ಧವಾದ ಗಾಜಾಗಲಿ, ಉಕ್ಕಾಗಲಿ, ಪ್ಲಾಸ್ಟಿಕ್ಕಾಗಲಿ, ರಕ್ತದ ಪಾಲಿಗೆ ಅದು ಹೆಪ್ಪು ಮೆತ್ತಿದ ಪಾತ್ರೆಯೇ.

ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವರಲ್ಲಿ ಒಬ್ಬನು ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್. ಗಾಯಗಳನ್ನು ಕ್ರಿಮಿಗಳಿಂದ ಕಾಪಾಡುವ ವಿಧಾನಕ್ಕಾಗಿ ಮುಂದೆ ಜಗತ್ಪ್ರಸಿದ್ಧನಾದ ಈತನು 1863ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ರಕ್ತದ ಹೆಪ್ಪುಗಟ್ಟುವಿಕೆಯನ್ನು ಕುರಿತು ಉಪನ್ಯಾಸ ಮಾಡಿದನು. ಪ್ರಾಣಿಯ ರಕ್ತನಾಳವನ್ನು ಕಟ್ಟಿ ಬೇರ್ಪಡಿಸಿದರೆ ಒಳಗಿನ ರಕ್ತ ಬಹಳ ಹೊತ್ತು ದ್ರವವಾಗಿಯೇ ಇರುತ್ತದೆ. ಅದೇ ರಕ್ತ ಗಾಜಿನಂಥ ಪರವಸ್ತುವನ್ನು ಮುಟ್ಟಿದರೆ ಗಟ್ಟಿಯಾಗತೊಡಗುತ್ತದೆ. ಗಾಳಿ ಸೋಕಿದ್ದರಿಂದ ರಕ್ತ ಹೆಪ್ಪುಗಟ್ಟುವುದೆಂದು ಹಲವರು ನಂಬಿದ್ದ ಕಾಲದಲ್ಲಿ, ತಪ್ಪು ಗಾಳಿಯದಲ್ಲ, ಪಾತ್ರೆಯದು ಎಂದು ಲಿಸ್ಟರನು ಹೇಳಿದನು.

ಹಾಗಾದರೆ ರಕ್ತನಾಳವೆಂಬ ಪಾತ್ರೆಯ ವೈಶಿಷ್ಟ್ಯವೇನು? ಅದರ ಒಳಮೈಗೆ ಒಂದೇ ಒಂದು ಜೀವಕೋಶದಷ್ಟು ತೆಳುವಾದ ಪದರವಿದೆ. ಅತಿ ಸಣ್ಣ ಲೋಮನಾಳಗಳನ್ನೂ ಸೇರಿಸಿ ಬಿಡಿಸಿ ಹಾಸಿದರೆ ಅದು ಸಾವಿರಾರು ಚದರ ಮೀಟರುಗಳಷ್ಟು ವಿಸ್ತಾರವಾಗುತ್ತದೆ. ಅದು ಬರಿಯ ಅಸ್ತರಿಯಲ್ಲ, ಸದಾ ದುಡಿಯುವ ಕಾರ್ಖಾನೆ. ಹೆಪ್ಪನ್ನು ತಡೆಯುವ ಹೆಪರಾನ್ ಸಲ್ಫೇಟ್ ಎಂಬ ಪದಾರ್ಥವನ್ನು ಅದು ತನ್ನ ಮೈಮೇಲೆ ಹೊದ್ದುಕೊಂಡಿರುತ್ತದೆ. ರಕ್ತದ ಕಿರುಫಲಕಗಳು ಒಂದಕ್ಕೊಂದು ಅಂಟದಂತೆ ಪ್ರೋಸ್ಟಾಸೈಕ್ಲಿನ್ ಎಂಬ ರಸವನ್ನು ಸ್ರವಿಸುತ್ತದೆ. ಈ ರಸವನ್ನು 1976ರಲ್ಲಿ ಕಂಡುಹಿಡಿದ ತಂಡದ ನಾಯಕ ಜಾನ್ ವೇನ್ 1982ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರರಾದವರಲ್ಲಿ ಒಬ್ಬನು. ಒಂದು ವೇಳೆ ಸಣ್ಣ ಕರಣೆ ಕಟ್ಟಿಕೊಂಡರೂ ಅದನ್ನು ಕರಗಿಸುವ ಕಿಣ್ವ ಆ ಪದರದಲ್ಲೇ ಸಿದ್ಧವಾಗಿರುತ್ತದೆ. ರಕ್ತವು ದ್ರವವಾಗಿ ಹರಿಯುತ್ತಿರುವುದು ಅದರ ಸ್ವಭಾವದಿಂದಲ್ಲ; ಈ ಮನೆಯವರ ಎಡೆಬಿಡದ ಆರೈಕೆಯಿಂದ. ಯಂತ್ರದ ಕೊಳವೆಯಲ್ಲಿ ಆ ಆರೈಕೆ ಎಲ್ಲಿಯದು?

ಒಂದು ರಾತ್ರಿಯ ಕಾವಲು

ಹೃದಯ-ಶ್ವಾಸಕೋಶ ಯಂತ್ರ ಹುಟ್ಟಿದ್ದೇ ರಕ್ತದ ಕರಣೆಯೊಂದರ ದೆಸೆಯಿಂದ ಎಂಬುದು ಈ ಕಥೆಯ ವಿಚಿತ್ರ. 1930-31ರ ಸುಮಾರಿನಲ್ಲಿ ಅಮೆರಿಕದ ಬಾಸ್ಟನ್ ನಗರದ ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಕ್ರಿಯೆ ಮಾಡಿಸಿಕೊಂಡಿದ್ದ ಹೆಂಗಸೊಬ್ಬಳ ಶ್ವಾಸಕೋಶದ ನಾಳಕ್ಕೆ ಕರಣೆ ಬಂದು ಸಿಕ್ಕಿಕೊಂಡಿತು. ಅವಳ ನಾಡಿಯನ್ನೂ ರಕ್ತದೊತ್ತಡವನ್ನೂ ನೋಡುತ್ತ ರಾತ್ರಿಯಿಡೀ ಪಕ್ಕದಲ್ಲಿ ಕುಳಿತವನು ಜಾನ್ ಗಿಬ್ಬನ್ ಎಂಬ ತರುಣ ವೈದ್ಯ. ಬೆಳಗಿನ ಹೊತ್ತಿಗೆ ಅವಳ ಸ್ಥಿತಿ ಕೈಮೀರಿತು. ಹಿರಿಯ ಶಸ್ತ್ರವೈದ್ಯನು ಕೆಲವೇ ನಿಮಿಷಗಳಲ್ಲಿ ಎದೆಯನ್ನು ತೆರೆದು ಕರಣೆಯನ್ನು ತೆಗೆದನು. ಆದರೂ ಆಕೆ ಬದುಕಲಿಲ್ಲ. ಉಬ್ಬಿದ ಸಿರೆಗಳಲ್ಲಿ ಕಪ್ಪುಗಟ್ಟುತ್ತಿದ್ದ ಆ ರಕ್ತವನ್ನು ಹೊರಕ್ಕೆ ತೆಗೆದು, ಆಮ್ಲಜನಕ ಕೊಟ್ಟು ಮತ್ತೆ ಒಳಕ್ಕೆ ಸೇರಿಸಿದ್ದರೆ ಅವಳು ಉಳಿಯುತ್ತಿದ್ದಳಲ್ಲವೆ ಎಂಬ ಯೋಚನೆ ಗಿಬ್ಬನ್‌ನನ್ನು ಆ ರಾತ್ರಿಯಿಂದ ಬಿಡಲಿಲ್ಲ.

ಪತ್ನಿ ಮೇರಿಯೊಡನೆ ಅವನು ವರ್ಷಗಟ್ಟಲೆ ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿದನು. ಅವನಿಗೆ ಆಸರೆಯಾಗಿ ನಿಂತದ್ದು ಹೆಪಾರಿನ್ ಎಂಬ ಪದಾರ್ಥ. ಅದರ ಶೋಧವೂ ಒಂದು ಆಕಸ್ಮಿಕವೇ. 1916ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯವಿದ್ಯಾರ್ಥಿ, ಗುರು ವಿಲಿಯಂ ಹೊವೆಲ್‌ನ ಪ್ರಯೋಗಶಾಲೆಯಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುವನ್ನು ಅರಸುತ್ತಿದ್ದನು. ನಾಯಿಯ ಯಕೃತ್ತಿನಿಂದ ದೊರೆತ ಒಂದು ಸಾರ ಅದಕ್ಕೆ ತದ್ವಿರುದ್ಧವಾಗಿ ಹೆಪ್ಪನ್ನು ತಡೆಯಿತು. ಯಕೃತ್ತಿನ ಗ್ರೀಕ್ ಹೆಸರಿನಿಂದ ಹೊವೆಲ್ ಅದಕ್ಕೆ ಹೆಪಾರಿನ್ ಎಂದು ಹೆಸರಿಟ್ಟನು. 1930ರ ದಶಕದಲ್ಲಿ ಕೆನಡಾ ಮತ್ತು ಸ್ವೀಡನ್ ದೇಶಗಳ ವಿಜ್ಞಾನಿಗಳು ಅದನ್ನು ಶುದ್ಧಗೊಳಿಸಿ ಮನುಷ್ಯರಿಗೆ ಕೊಡಬಹುದಾದ ಔಷಧವನ್ನಾಗಿ ಮಾಡಿದರು.

1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಗಿಬ್ಬನ್ ಹದಿನೆಂಟು ವರ್ಷದ ತರುಣಿಯೊಬ್ಬಳ ಹೃದಯದಲ್ಲಿದ್ದ ರಂಧ್ರವನ್ನು ಮುಚ್ಚಿದನು. ಸುಮಾರು 26 ನಿಮಿಷಗಳ ಕಾಲ ಅವಳ ಹೃದಯ-ಶ್ವಾಸಕೋಶಗಳ ಸಮಸ್ತ ಕೆಲಸವನ್ನೂ ಯಂತ್ರವೇ ವಹಿಸಿಕೊಂಡಿತು. ಜಗತ್ತಿನಲ್ಲಿ ಅದೇ ಮೊದಲ ಜಯ. ಆದರೆ ಜಯದ ಆ ದಿನವೂ ರಕ್ತ ತನ್ನ ಮುನಿಸನ್ನು ತೋರದೆ ಬಿಡಲಿಲ್ಲ. ಆ ಯಂತ್ರದಲ್ಲಿ ನೆಟ್ಟಗೆ ನಿಲ್ಲಿಸಿದ ಉಕ್ಕಿನ ಜಾಲರಿಗಳ ಮೇಲೆ ರಕ್ತ ತೆಳುವಾದ ಪದರವಾಗಿ ಇಳಿಯುತ್ತಿತ್ತು. ಕೊಟ್ಟ ಹೆಪಾರಿನ್ ಸಾಲದೆ, ಜಾಲರಿಗಳ ಮೇಲೆ ಫೈಬ್ರಿನ್ ಎಂಬ ಹೆಪ್ಪಿನ ನಾರುಗಳು ಕಟ್ಟತೊಡಗಿದವು. ತರುಣಿ ಬದುಕಿದಳು, ಅನಂತರದ ರೋಗಿಗಳು ಬದುಕಲಿಲ್ಲ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ದುಡಿದಿದ್ದ ಗಿಬ್ಬನ್ ಆ ಯಂತ್ರವನ್ನು ಇತರರ ಕೈಗೆ ಬಿಟ್ಟು ತಾನು ಹಿಂದೆ ಸರಿದನು.

ಹೆಪಾರಿನ್ನಿನ ಬೆಲೆ

ಇಂದಿಗೂ ಹೃದಯದ ತೆರೆದ ಶಸ್ತ್ರಕ್ರಿಯೆ ಹೆಪಾರಿನ್ನಿನಿಂದಲೇ ಮೊದಲಾಗುತ್ತದೆ. ರೋಗಿಯ ತೂಕದ ಒಂದೊಂದು ಕಿಲೋಗ್ರಾಮಿಗೆ 300ರಿಂದ 400 ಯೂನಿಟ್‌ಗಳಂತೆ ಅದನ್ನು ರಕ್ತಕ್ಕೆ ಸೇರಿಸಿ, ಒಂದೆರಡು ಹನಿ ರಕ್ತ ತೆಗೆದು ಪರೀಕ್ಷಿಸುತ್ತಾರೆ. ಆ ಪರೀಕ್ಷೆಯಲ್ಲಿ ಸಾಧಾರಣವಾಗಿ ಎರಡು ನಿಮಿಷಗಳ ಸುಮಾರಿಗೆ ಹೆಪ್ಪುಗಟ್ಟುವ ರಕ್ತ, 480 ಸೆಕೆಂಡು, ಎಂದರೆ ಎಂಟು ನಿಮಿಷ, ತಡೆದು ನಿಂತರೆ ಯಂತ್ರವನ್ನು ನಡೆಸಲು ಅಪ್ಪಣೆ. ಕೆಲಸ ಮುಗಿದ ಮೇಲೆ ಮೀನಿನ ರೇತಸ್ಸಿನಿಂದ ಪಡೆದ ಪ್ರೋಟಮಿನ್ ಎಂಬ ಪ್ರತ್ಯೌಷಧವನ್ನು ಕೊಟ್ಟು ಹೆಪಾರಿನ್ನನ್ನು ಅಡಗಿಸುತ್ತಾರೆ.

ಇದರ ಅಪಾಯ ಯಾರಿಗಾದರೂ ಹೊಳೆಯದೆ ಇರದು. ಕೊಳವೆಯಲ್ಲಿ ಹೆಪ್ಪುಗಟ್ಟಬಾರದೆಂದು ಕೊಟ್ಟ ಮದ್ದು ಗಾಯದಲ್ಲಿಯೂ ಹೆಪ್ಪನ್ನು ತಡೆಯುತ್ತದೆ. ಮದ್ದು ಕಡಮೆಯಾದರೆ ಕರಣೆ ಮಿದುಳಿಗೆ ಹೋದೀತು. ಹೆಚ್ಚಾದರೆ ಹೊಲಿದ ಎದೆಯೊಳಗೆ ನೆತ್ತರು ಜಿನುಗೀತು. ಶಸ್ತ್ರವೈದ್ಯನು ನಡೆಯಬೇಕಾದ ದಾರಿ ಈ ಎರಡು ಕಮರಿಗಳ ನಡುವಣ ಕಿರಿದಾದ ಬದು.

ಅಷ್ಟೇ ಆಗಿದ್ದರೆ ಸಹಿಸಬಹುದಾಗಿತ್ತು. ಹೆಪಾರಿನ್ ಹೆಪ್ಪನ್ನು ತಡೆದೀತೇ ಹೊರತು, ರಕ್ತಕ್ಕೆ ಪರವಸ್ತುವಿನ ಮೇಲಿರುವ ಸಂಶಯವನ್ನು ಕಳೆಯಲಾರದು. ರಕ್ತ ಕೊಳವೆಯನ್ನು ಮುಟ್ಟಿದ ಕೆಲವೇ ಕ್ಷಣಗಳಲ್ಲಿ ಅದರೊಳಗಿನ ಪ್ರೋಟೀನುಗಳು ಗೋಡೆಗೆ ಅಂಟಿಕೊಳ್ಳುತ್ತವೆ. ಜಾತ್ರೆಯ ಬಸ್ಸಿನಲ್ಲಿ ಚುರುಕಾದ ಹುಡುಗರು ಮೊದಲು ನುಗ್ಗಿ ಜಾಗ ಹಿಡಿಯುತ್ತಾರೆ. ಹಿಂದಿನಿಂದ ಬಂದ ಗಟ್ಟಿಗರು ಅವರನ್ನು ಎಬ್ಬಿಸಿ ತಾವು ಕೂಡುತ್ತಾರೆ. ಹಾಗೆಯೇ ಒಂದು ಪ್ರೋಟೀನನ್ನು ಎಬ್ಬಿಸಿ ಇನ್ನೊಂದು ಕುಳಿತುಕೊಳ್ಳುತ್ತದೆ. ಇದನ್ನು ಪತ್ತೆಹಚ್ಚಿದವನು ಹಾಲೆಂಡಿನಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ಜಪಾನೀಯರ ಸೆರೆಯಲ್ಲಿದ್ದು, ಬಳಿಕ ನ್ಯೂಯಾರ್ಕಿನಲ್ಲಿ ನೆಲಸಿದ ಲಿಯೋ ವ್ರೋಮನ್. ಈತನು ಡಚ್ ಭಾಷೆಯ ಹೆಸರಾಂತ ಕವಿಯೂ ಹೌದು. ಈ ವಿದ್ಯಮಾನವನ್ನು ವಿಜ್ಞಾನಿಗಳು ಅವನ ಹೆಸರಿನಿಂದಲೇ ಕರೆಯುತ್ತಾರೆ.

ಗೋಡೆಗೆ ಹೀಗೆ ಅಂಟಿದ ಪದರವನ್ನು ಕಂಡು ಕಿರುಫಲಕಗಳು ಬಂದು ಮೆತ್ತಿಕೊಳ್ಳುತ್ತವೆ. ಮೆತ್ತಿಕೊಂಡವು ಗಾಯ ಕಟ್ಟುವ ಕೆಲಸಕ್ಕೆ ಮತ್ತೆ ದೊರೆಯುವುದಿಲ್ಲ. ರೋಗಾಣುಗಳನ್ನು ಕೊಲ್ಲಲು ಮೀಸಲಾದ ‘ಕಾಂಪ್ಲಿಮೆಂಟ್’ ಎಂಬ ಪ್ರೋಟೀನುಗಳ ಪಡೆ ಕೊಳವೆಯನ್ನೇ ಶತ್ರುವೆಂದು ಭ್ರಮಿಸಿ ಎದ್ದು ನಿಲ್ಲುತ್ತದೆ. ಅದರ ಕರೆಗೆ ಬಿಳಿಯ ಕಣಗಳು ಕೆರಳಿ, ತಮ್ಮ ತೀಕ್ಷ್ಣವಾದ ರಸಗಳನ್ನು ಕಾರುತ್ತವೆ. ಪೆಟ್ಟು ಬೀಳುವುದು ಪ್ಲಾಸ್ಟಿಕ್ಕಿಗಲ್ಲ, ರೋಗಿಯ ಸ್ವಂತ ಶ್ವಾಸಕೋಶಕ್ಕೆ, ಮೂತ್ರಪಿಂಡಕ್ಕೆ, ಹೃದಯಕ್ಕೆ. ರಂಧ್ರವನ್ನು ಸರಿಯಾಗಿ ಮುಚ್ಚಿದ್ದರೂ ಎರಡನೆಯ ದಿನ ಉಸಿರಾಟ ಕೆಟ್ಟು ಸಾಯುವವರಿದ್ದರು. ಗಿಬ್ಬನ್‌ನ ಯಂತ್ರವನ್ನು ಸುಧಾರಿಸಿ 1955ರಿಂದ ಯಶಸ್ವಿಯಾಗಿ ನಡೆಸಿದ ಜಾನ್ ಕರ್ಕ್ಲಿನ್ ಮತ್ತು ಅವನ ಸಂಗಡಿಗರು, ಈ ಕಾಂಪ್ಲಿಮೆಂಟ್ ಎಚ್ಚರಗೊಂಡಷ್ಟೂ ಶಸ್ತ್ರಕ್ರಿಯೆಯ ಬಳಿಕ ಅಂಗಗಳು ಸೋಲುವ ಸಂಭವ ಹೆಚ್ಚೆಂದು 1983ರಲ್ಲಿ ತೋರಿಸಿದರು.

ಲೇಪದ ಉಪಾಯ

ರಕ್ತಕ್ಕೆ ಮದ್ದು ಹಾಕುವ ಬದಲು ಪಾತ್ರೆಗೇ ಮದ್ದು ಬಳಿದರೆ ಹೇಗೆ? ಈ ಯೋಚನೆ ಹೊಸದಲ್ಲ. ಗಾಜಿನ ನಳಿಗೆಗೆ ಒಳಗಡೆ ಮೇಣ ಸವರಿದರೆ ರಕ್ತ ತಡವಾಗಿ ಹೆಪ್ಪುಗಟ್ಟುವುದೆಂಬುದು ಹತ್ತೊಂಬತ್ತನೆಯ ಶತಮಾನದ ಅಂತ್ಯದ ಹೊತ್ತಿಗೇ ತಿಳಿದಿತ್ತು. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಮೇಣದ ಸ್ಥಾನವನ್ನು ಸಿಲಿಕೋನ್ ಹಿಡಿಯಿತು. ಆದರೆ ಇವೆರಡೂ ತಡಮಾಡುವ ಉಪಾಯಗಳೇ ಹೊರತು ತಡೆಯುವವಲ್ಲ.

ಮುಂದಿನ ಹೆಜ್ಜೆ ಮತ್ತೊಂದು ಆಕಸ್ಮಿಕದಿಂದ ಬಂದಿತು. 1960ರ ದಶಕದ ಆರಂಭದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ವಿನ್ಸೆಂಟ್ ಗಾಟ್ ಎಂಬ ಶಸ್ತ್ರವೈದ್ಯನು ಕೃತಕ ಕವಾಟಗಳ ಮೇಲೆ ಕರಣೆ ಕಟ್ಟದಂತೆ ಮಾಡಲು ಹೊರಟಿದ್ದನು. ಮೇಲ್ಮೈಗೆ ಋಣವಿದ್ಯುತ್ತನ್ನು ಕೊಟ್ಟರೆ ರಕ್ತ ಅಂಟಲಾರದೆಂಬುದು ಅವನ ಎಣಿಕೆ. ವಿದ್ಯುತ್ತು ಹರಿಯಲೆಂದು ಪ್ಲಾಸ್ಟಿಕ್ ಉಂಗುರಗಳಿಗೆ ಗ್ರಾಫೈಟ್ ಬಳಿದು, ಕ್ರಿಮಿಶುದ್ಧಿಗಾಗಿ ಬೆನ್‌ಜಾಲ್ಕೋನಿಯಂ ಎಂಬ ದ್ರಾವಣದಲ್ಲಿಟ್ಟು, ಹೆಪಾರಿನ್ನಿನಲ್ಲಿ ತೊಳೆದು, ನಾಯಿಗಳ ಮಹಾಸಿರೆಯಲ್ಲಿ ಇರಿಸಿದನು. ಕರಣೆ ಕಟ್ಟಲಿಲ್ಲ. ಆಶ್ಚರ್ಯವೆಂದರೆ ವಿದ್ಯುತ್ತು ಕೊಡದ ಉಂಗುರಗಳೂ ಹಾಗೆಯೇ ಉಳಿದವು. ಗ್ರಾಫೈಟು ಕ್ರಿಮಿನಾಶಕವನ್ನು ಹಿಡಿದಿತ್ತು. ಕ್ರಿಮಿನಾಶಕವು ಹೆಪಾರಿನ್ನನ್ನು ಹಿಡಿದಿತ್ತು. ವಿದ್ಯುತ್ತಿನ ಹಂಗಿಲ್ಲದೆ ಹೆಪಾರಿನ್ನಿನ ಅಂಗಿಯೊಂದು ತಾನಾಗಿ ಸಿದ್ಧವಾಗಿತ್ತು. 1963ರಲ್ಲಿ ಈ ವಿಷಯ ಪ್ರಕಟವಾಯಿತು. ಆದರೆ ಬಾಗುವ ಬಳುಕುವ ಕೊಳವೆಗೆ ಗ್ರಾಫೈಟ್ ಬಳಿಯಲಾಗದು. ಅಲ್ಲದೆ ಬರಿಯ ವಿದ್ಯುದಾಕರ್ಷಣೆಯಿಂದ ನಿಂತ ಹೆಪಾರಿನ್ ಹರಿಯುವ ರಕ್ತದಲ್ಲಿ ಕ್ರಮೇಣ ತೊಳೆದು ಹೋಗುತ್ತದೆ.

ತೊಳೆದು ಹೋಗದಂತೆ ಹೆಪಾರಿನ್ನನ್ನು ಗಟ್ಟಿಯಾಗಿ ಬಂಧಿಸಲು ಹಲವರು ಯತ್ನಿಸಿದರು. ಬಂಧನವೇನೋ ಬಲವಾಯಿತು, ಹೆಪಾರಿನ್ ಮಾತ್ರ ನಿರ್ವೀರ್ಯವಾಯಿತು. ಕಾರಣವನ್ನು ಗದ್ದೆಯ ದೃಷ್ಟಾಂತದಿಂದ ತಿಳಿಯಬಹುದು. ಹೆಪಾರಿನ್ನಿನ ಅಣು ಉದ್ದವಾದ ಸರಪಣಿ. ರಕ್ತದಲ್ಲಿರುವ ಆಂಟಿಥ್ರಾಂಬಿನ್ ಎಂಬ ಪ್ರೋಟೀನು ಅದರ ಒಂದು ನಿಶ್ಚಿತ ಭಾಗದಲ್ಲಿ ಕುಳಿತಾಗ ಹೆಪ್ಪಿನ ಮೂಲವಾದ ಥ್ರಾಂಬಿನ್ನನ್ನು ಅಡಗಿಸುವ ಅದರ ವೇಗ ಸುಮಾರು ಸಾವಿರ ಪಟ್ಟು ಏರುತ್ತದೆ. ಸರಪಣಿಯನ್ನು ಉದ್ದಕ್ಕೂ ಅಲ್ಲಲ್ಲಿ ಅಂಟಿಸಿದರೆ ಅದು ಕೊಯ್ದು ನೆಲಕ್ಕೆ ಹಾಸಿದ ಹುಲ್ಲಿನಂತಾಗುತ್ತದೆ. ಪ್ರೋಟೀನಿಗೆ ಕೂಡುವ ಎಡೆ ಸಿಕ್ಕದು. ನಾಟಿ ಮಾಡಿದ ಪೈರಿನಂತೆ ಬೇರು ಮಾತ್ರ ನೆಲದಲ್ಲಿ ನೆಟ್ಟು ಗರಿಗಳು ಮೇಲೆ ತೂಗಾಡುವಂತಿರಬೇಕು. ಸ್ವೀಡನ್ನಿನ ಒಲ್ಲೆ ಲಾರ್ಮ್, ರೋಲ್ಫ್ ಲಾರ್ಸನ್ ಮತ್ತು ಪೇರ್ ಉಲ್ಸನ್ ಎಂಬ ವಿಜ್ಞಾನಿಗಳು 1983ರಲ್ಲಿ ಪ್ರಕಟಿಸಿದ್ದು ಈ ನಾಟಿಯ ವಿದ್ಯೆಯನ್ನೇ. ಸರಪಣಿಯ ಒಂದು ತುದಿಯನ್ನು ಮಾತ್ರ ರಾಸಾಯನಿಕವಾಗಿ ಸಿದ್ಧಗೊಳಿಸಿ ಪ್ಲಾಸ್ಟಿಕ್ಕಿಗೆ ಬೆಸೆದರು. ರಕ್ತನಾಳದ ಒಳಪದರ ಹೊದ್ದಿರುವ ಹೊದಿಕೆಯ ಅನುಕರಣವಿದು. ‘ಕಾರ್ಮೀಡಾ’ ಎಂಬ ಹೆಸರಿನಿಂದ ಇದು ಶಸ್ತ್ರಕ್ರಿಯಾಗಾರಗಳನ್ನು ಸೇರಿತು.

ಬೇರೆ ದಾರಿ ಹಿಡಿದವರೂ ಉಂಟು. ಲಂಡನ್ನಿನ ಡೆನಿಸ್ ಚಾಪ್ಮನ್ ಕೆಂಪು ರಕ್ತಕಣದ ಹೊರಮೈಯನ್ನು ಪರಿಶೀಲಿಸಿ, ಅಲ್ಲಿರುವ ಫಾಸ್ಫೊರೈಲ್ ಕೋಲಿನ್ ಎಂಬ ಅಂಶವನ್ನೇ ಪ್ಲಾಸ್ಟಿಕ್ಕಿಗೆ ತೊಡಿಸುವ ಮಾರ್ಗವನ್ನು ತೋರಿದನು. ರಕ್ತದೊಳಗೆ ಹೋಗುವವನು ರಕ್ತಕಣದ ವೇಷದಲ್ಲಿ ಹೋಗಲಿ ಎಂಬುದು ಇದರ ತತ್ತ್ವ. ಜಪಾನಿನವರು ಹೆಪಾರಿನ್ನಿನ ಗೊಡವೆಯೇ ಇಲ್ಲದ ಪಿ.ಎಂ.ಇ.ಎ. ಎಂಬ ಲೇಪವನ್ನು ಬಳಕೆಗೆ ತಂದರು. ಅದು ತನ್ನ ಮೈಮೇಲೆ ನೀರಿನ ತೆಳುಪದರವನ್ನು ಹಿಡಿದುಕೊಂಡು ಪ್ರೋಟೀನುಗಳು ಬಲವಾಗಿ ಅಂಟದಂತೆ ಮಾಡುತ್ತದೆ. ಒಂದು ಲೇಪ ಹೆಪ್ಪಿನೊಡನೆ ಹೋರಾಡುತ್ತದೆ, ಇನ್ನೊಂದು ವೇಷ ಮರೆಸುತ್ತದೆ, ಮತ್ತೊಂದು ಜಾರಿಕೊಳ್ಳುತ್ತದೆ.

ಎಲ್ಲಿಯವರೆಗೆ?

ಈ ಲೇಪಗಳಿಂದ ಆದ ಪ್ರಯೋಜನವೆಷ್ಟು? ಪ್ರಯೋಗಶಾಲೆಯ ಅಳತೆಗಳಲ್ಲಿ ಉತ್ತರ ಸ್ಪಷ್ಟವಾಗಿದೆ. ಲೇಪವಿರುವ ಕೊಳವೆಗಳಲ್ಲಿ ಕಾಂಪ್ಲಿಮೆಂಟ್ ಅಷ್ಟಾಗಿ ಕೆರಳುವುದಿಲ್ಲ. ಬಿಳಿಯ ಕಣಗಳು ಶಾಂತವಾಗಿರುತ್ತವೆ. ಕಿರುಫಲಕಗಳು ಹೆಚ್ಚಾಗಿ ಉಳಿಯುತ್ತವೆ. ರೋಗಿಯ ಹಾಸಿಗೆಯ ಬಳಿ ಬಂದರೆ ಉತ್ತರ ಸ್ವಲ್ಪ ಮೆತ್ತಗಾಗುತ್ತದೆ. ರಕ್ತಸ್ರಾವವೂ ಪರರ ರಕ್ತವನ್ನು ಏರಿಸುವ ಅಗತ್ಯವೂ ಆಸ್ಪತ್ರೆಯಲ್ಲಿ ಉಳಿಯುವ ದಿನಗಳೂ ಒಂದಿಷ್ಟು ಇಳಿದವೆಂದು ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳುತ್ತಾರೆ. ಲೇಪ ಬಂದುದರಿಂದ ಯಂತ್ರವು ರಕ್ತನಾಳಕ್ಕೆ ಸಮನಾಯಿತೆಂದು ಹೇಳುವವರು ಯಾರೂ ಇಲ್ಲ.

ಇಲ್ಲಿ ಒಂದು ಪ್ರಲೋಭನವೂ ಎದುರಾಯಿತು. ಕೊಳವೆಗೇ ಹೆಪಾರಿನ್ ಬಳಿದ ಮೇಲೆ ರೋಗಿಗೆ ಕೊಡುವ ಹೆಪಾರಿನ್ನನ್ನು ಇಳಿಸಬಹುದಲ್ಲವೆ? 1990ರ ದಶಕದಲ್ಲಿ ಅಮೆರಿಕದ ಕೆಲವರು ಹಾಗೆ ಮಾಡಿ, ರಕ್ತಸ್ರಾವ ಇಳಿಯಿತೆಂದು ವರದಿ ಮಾಡಿದರು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಹೆನ್ರಿ ಎಡ್ಮಂಡ್ಸ್ ಮುಂತಾದವರು ಇದನ್ನು ಒಪ್ಪಲಿಲ್ಲ. ಅವರ ವಾದ ಗಮನಾರ್ಹವಾದುದು: ಹೆಪ್ಪಿನ ಮೂಲವಾದ ಥ್ರಾಂಬಿನ್ ಹೆಚ್ಚಾಗಿ ಹುಟ್ಟುವುದು ಕೊಳವೆಯಲ್ಲಿ ಅಲ್ಲ, ಗಾಯದಲ್ಲಿ. ಕೊಯ್ದ ಎದೆಯಲ್ಲಿ ಮಡುಗಟ್ಟಿದ ರಕ್ತವನ್ನು ಹೀರುಗೊಳವೆಯಿಂದ ಎಳೆದು ಮತ್ತೆ ಯಂತ್ರಕ್ಕೆ ಸೇರಿಸುವುದು ರೂಢಿ. ಆ ರಕ್ತ ಕೊಯ್ದ ಮಾಂಸಖಂಡದ ಹೆಪ್ಪನ್ನು ಈಗಾಗಲೇ ಕುಡಿದಿರುತ್ತದೆ. ಪಾತ್ರೆಯನ್ನು ಎಷ್ಟು ತೊಳೆದರೇನು, ಸುರಿಯುವ ಹಾಲೇ ಹೆಪ್ಪಾಗಿದ್ದರೆ? ಇದರಿಂದ ಕಲಿತವರು ಆ ರಕ್ತವನ್ನು ನೇರವಾಗಿ ಮರಳಿಸದೆ ಬೇರೆ ಯಂತ್ರದಲ್ಲಿ ತೊಳೆದು ಕೊಡುವ ಪದ್ಧತಿಯನ್ನು ಹಿಡಿದರು.

ಹೆಪಾರಿನ್ನೇ ಶತ್ರುವಾಗುವ ರೋಗಿಗಳೂ ಇದ್ದಾರೆ. ಕೆಲವರ ದೇಹ ಹೆಪಾರಿನ್ನಿನ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿಕೊಂಡು, ಕಿರುಫಲಕಗಳನ್ನು ಕಳೆದುಕೊಳ್ಳುವುದರ ಜೊತೆಗೆ ಎಲ್ಲೆಂದರಲ್ಲಿ ಕರಣೆಯನ್ನೂ ಕಟ್ಟಿಕೊಳ್ಳುತ್ತದೆ. ಅಂಥವರಿಗೆ ಹೆಪಾರಿನ್ನಿನ ಲೇಪವಿರುವ ಕೊಳವೆ ಕೂಡ ನಿಷಿದ್ಧ. ಇನ್ನು ಈ ಮದ್ದಿನ ಮೂಲವಾದರೋ ಹಂದಿಯ ಕರುಳು. 2008ರಲ್ಲಿ ಚೀನಾದಿಂದ ಬಂದ ಕಚ್ಚಾ ಸಾಮಗ್ರಿಯಲ್ಲಿ ಹೆಪಾರಿನ್ನನ್ನು ಹೋಲುವ ಬೇರೊಂದು ವಸ್ತು ಬೆರೆತು, ಅಮೆರಿಕದಲ್ಲಿ ಹಲವರ ಪ್ರಾಣಕ್ಕೆ ಎರವಾಯಿತು. ಆ ಕಲಬೆರಕೆ ರಕ್ತದಲ್ಲಿ ಕೆರಳಿಸಿದ್ದು, ಪರವಸ್ತು ಸೋಕಿದಾಗ ಕೆರಳುವ ಅದೇ ಪ್ರೋಟೀನುಗಳನ್ನು.

ಶಸ್ತ್ರಕ್ರಿಯೆಯ ಯಂತ್ರ ಕೆಲವು ಗಂಟೆಗಳಲ್ಲಿ ನಿಲ್ಲುತ್ತದೆ. ಎಕ್ಮೋ ದಿನಗಟ್ಟಲೆ, ವಾರಗಟ್ಟಲೆ ನಡೆಯಬೇಕು. 1975ರಲ್ಲಿ ಕ್ಯಾಲಿಫೋರ್ನಿಯದಲ್ಲಿ ರಾಬರ್ಟ್ ಬಾರ್ಟ್ಲೆಟ್ ಉಸಿರು ಸೋತ ನವಜಾತ ಶಿಶುವೊಂದನ್ನು ಹೀಗೆ ಉಳಿಸಿದನು. ತಾಯಿ ಬಿಟ್ಟುಹೋಗಿದ್ದ ಆ ಮಗುವಿಗೆ ದಾದಿಯರು ‘ಆಶೆ’ ಎಂಬರ್ಥದ ಎಸ್ಪೆರಾಂಜಾ ಎಂಬ ಹೆಸರಿಟ್ಟರು. ಅಷ್ಟು ದೀರ್ಘಕಾಲ ಹೆಪಾರಿನ್ನನ್ನು ಪೂರ್ಣ ಪ್ರಮಾಣದಲ್ಲಿ ಕೊಟ್ಟರೆ ಮಿದುಳಿನಲ್ಲಿ ರಕ್ತ ಒಸರುವ ಭಯ. ಆದುದರಿಂದ ಲೇಪವಿರುವ ಕೊಳವೆಯನ್ನು ನಂಬಿ, ಮದ್ದನ್ನು ಕಡಮೆ ಕೊಡುತ್ತಾರೆ. ಅಪಘಾತದಲ್ಲಿ ಗಾಯಗೊಂಡವರಿಗೆ ಕೆಲವು ವೇಳೆ ಮದ್ದೇ ಇಲ್ಲದೆ ನಡೆಸುವುದುಂಟು; ಲೇಪವಿಲ್ಲದಿದ್ದರೆ ಈ ಧೈರ್ಯವೇ ಸಾಧ್ಯವಾಗುತ್ತಿರಲಿಲ್ಲ. ಆದರೂ ನಂಬಿಕೆಗೆ ಒಂದು ಎಲ್ಲೆಯುಂಟು. ಯಂತ್ರದ ಮೇಲ್ವಿಚಾರಕರು ಹೊತ್ತುಹೊತ್ತಿಗೆ ಟಾರ್ಚ್ ಹಿಡಿದು ಕೊಳವೆಯ ಉದ್ದಕ್ಕೂ ಬೆಳಕು ಹಾಯಿಸುತ್ತಾರೆ. ತಿರುವುಗಳಲ್ಲಿ, ಜೋಡಣೆಗಳಲ್ಲಿ, ಕೃತಕ ಶ್ವಾಸಕೋಶದ ಮೂಲೆಗಳಲ್ಲಿ ಬಿಳಿಯ ನಾರು ಕಂಡೀತೆ, ಕಪ್ಪು ಚುಕ್ಕೆ ಕಂಡೀತೆ ಎಂದು ಹುಡುಕುತ್ತಾರೆ. ಕರಣೆ ಬೆಳೆದರೆ ಆ ಭಾಗವನ್ನೇ ಬದಲಾಯಿಸಬೇಕು.

ಬ್ರೇಕ್‌ಮನ್ನನ ರಕ್ತ

ಮುಂದಿನ ದಾರಿಯನ್ನು ಅರಸುವವರಲ್ಲಿ ಕೆಲವರು ಕೀಟಗಳನ್ನು ಹಿಡಿದು ತಿನ್ನುವ ಹೂಜಿಗಿಡವನ್ನು ಗುರುವಾಗಿ ಸ್ವೀಕರಿಸಿದ್ದಾರೆ. ಆ ಹೂಜಿಯ ಅಂಚಿನಲ್ಲಿ ನಿಂತ ದ್ರವದ ಪದರದ ಮೇಲೆ ಇರುವೆಯ ಕಾಲೂ ನಿಲ್ಲದು. ಹಾರ್ವರ್ಡ್ ವಿಶ್ವವಿದ್ಯಾಲಯದ ವೀಸ್ ಸಂಸ್ಥೆಯವರು ಅಂಥದೇ ಜಾರುವ ದ್ರವದ ಪದರವನ್ನು ಕೊಳವೆಗೆ ಕೊಟ್ಟು, ಹಂದಿಗಳಲ್ಲಿ ಎಂಟು ಗಂಟೆಗಳ ಕಾಲ ಹೆಪಾರಿನ್ ಇಲ್ಲದೆ ರಕ್ತ ಹರಿಸಿದುದಾಗಿ 2014ರಲ್ಲಿ ಪ್ರಕಟಿಸಿದರು.

ಇನ್ನೊಂದು ದಾರಿ ರೈಲ್ವೆಯ ಸಾಮಾನ್ಯ ನೌಕರನೊಬ್ಬನಿಂದ ತೆರೆದದ್ದು. ಜಾನ್ ಹೇಜ್‌ಮನ್ ಅಮೆರಿಕದ ಒಬ್ಬ ಬ್ರೇಕ್‌ಮನ್. ಶಸ್ತ್ರಕ್ರಿಯೆಗೆ ಮುಂಚೆ ವಾಡಿಕೆಯಂತೆ ಅವನ ರಕ್ತವನ್ನು ಗಾಜಿನ ನಳಿಗೆಯಲ್ಲಿಟ್ಟು ನೋಡಿದಾಗ ಅದು ಬಹಳ ಹೊತ್ತಾದರೂ ಹೆಪ್ಪುಗಟ್ಟಲಿಲ್ಲ. ಆದರೆ ಅವನು ಜೀವಮಾನದಲ್ಲಿ ಒಮ್ಮೆಯೂ ಅತಿಯಾದ ರಕ್ತಸ್ರಾವದಿಂದ ನರಳಿದವನಲ್ಲ! 1955ರಲ್ಲಿ ಕ್ಲೀವ್‌ಲ್ಯಾಂಡಿನ ಆಸ್ಕರ್ ರಾಟ್ನಾಫ್ ಇದರ ಗುಟ್ಟನ್ನು ಪ್ರಕಟಿಸಿದನು. ಗಾಜನ್ನು ಮುಟ್ಟಿ ಗುರುತಿಸುವ ಪ್ರೋಟೀನೊಂದು ಆ ಬ್ರೇಕ್‌ಮನ್ನನ ರಕ್ತದಲ್ಲಿ ಇರಲಿಲ್ಲ. ಇಂದು ಅದನ್ನು ಹನ್ನೆರಡನೆಯ ಅಂಶವೆಂದೂ ಹೇಜ್‌ಮನ್ ಅಂಶವೆಂದೂ ಕರೆಯುತ್ತಾರೆ. ಪಾತ್ರೆಯನ್ನು ಹೆಪ್ಪಾಗಿಸುವ ಮೊದಲ ಕೈ ಇದೇ. ಗಾಯದ ರಕ್ತ ನಿಲ್ಲಲು ಇದು ಬೇಕಿಲ್ಲ. ಹಾಗಿದ್ದರೆ ಈ ಒಂದು ಕೈಯನ್ನು ಮಾತ್ರ ಕಟ್ಟಿಹಾಕಿದರೆ ಕೊಳವೆಯಲ್ಲಿ ಕರಣೆಯೂ ಇಲ್ಲ, ಗಾಯದಲ್ಲಿ ಸ್ರಾವವೂ ಇಲ್ಲ. ಸ್ವೀಡನ್ನಿನ ವಿಜ್ಞಾನಿಗಳು ಒಳಗೊಂಡ ತಂಡವೊಂದು ಇದಕ್ಕೆ ತಕ್ಕ ಪ್ರತಿಕಾಯವನ್ನು ರಚಿಸಿ, ಎಕ್ಮೋ ಜೋಡಿಸಿದ ಮೊಲಗಳಲ್ಲಿ ಹೆಪಾರಿನ್ನಿನಷ್ಟೇ ಫಲವನ್ನು ರಕ್ತಸ್ರಾವದ ಹೆಚ್ಚಳವಿಲ್ಲದೆ ಪಡೆದುದಾಗಿ 2014ರಲ್ಲಿಯೇ ವರದಿ ಮಾಡಿತು. ಮೊಲದಿಂದ ಮನುಷ್ಯನವರೆಗಿನ ದಾರಿ ದೂರದ್ದು.

ಆ ಬ್ರೇಕ್‌ಮನ್ನನ ಕಥೆಗೆ ಒಂದು ಕೊನೆಯ ಪುಟವಿದೆ. 1968ರಲ್ಲಿ ಅಪಘಾತದಿಂದ ಮೂಳೆ ಮುರಿದು ಮಲಗಿದ್ದಾಗ ಅವನು ತೀರಿಕೊಂಡನು. ಕಾರಣ, ಶ್ವಾಸಕೋಶದ ನಾಳಕ್ಕೆ ಬಂದು ಸಿಕ್ಕಿದ ರಕ್ತದ ಕರಣೆ. ಗಾಜಿನ ನಳಿಗೆಯಲ್ಲಿ ಹೆಪ್ಪುಗಟ್ಟಲು ತಿಳಿಯದ ರಕ್ತ ಅವನ ಸ್ವಂತ ಸಿರೆಯಲ್ಲಿ ಹೆಪ್ಪುಗಟ್ಟಿತ್ತು. ಬಾಸ್ಟನ್ನಿನಲ್ಲಿ ಗಿಬ್ಬನ್ ರಾತ್ರಿಯಿಡೀ ಕಾವಲು ಕುಳಿತಿದ್ದ ಆ ಹೆಂಗಸನ್ನು ಕೊಂದ ವ್ಯಾಧಿಯೇ ಇದು. ರಕ್ತಕ್ಕೆ ಹೆಪ್ಪುಗಟ್ಟಲು ದಾರಿ ಒಂದೇ ಅಲ್ಲ. ಒಂದನ್ನು ಮುಚ್ಚಿದರೆ ಮತ್ತೊಂದು ತೆರೆದಿರುತ್ತದೆ. ರಕ್ತ ಹರಿದುಹೋಗಿ ಸಾಯದಿರಲೆಂದು ಪ್ರಕೃತಿ ಇಟ್ಟ ಆ ಹಲವು ದಾರಿಗಳನ್ನೆಲ್ಲ ಒಂದೇ ಲೇಪದಿಂದ ಮುಚ್ಚುವುದು ಸುಲಭದ ಮಾತಲ್ಲ. ಎಲ್ಲವನ್ನೂ ಮುಚ್ಚುವುದು ಕ್ಷೇಮವೂ ಅಲ್ಲ.

ಈ ಹೊತ್ತಿನಲ್ಲಿಯೂ ಯಾವುದೋ ಊರಿನ ತುರ್ತು ಚಿಕಿತ್ಸೆಯ ಕೊಠಡಿಯಲ್ಲಿ ಒಬ್ಬರು ಟಾರ್ಚ್ ಹಿಡಿದು ಕೊಳವೆಯೊಂದರ ಮೇಲೆ ಬಗ್ಗಿರುತ್ತಾರೆ. ಕೊಳವೆಯ ಒಳಮೈಯಲ್ಲಿ ನಾಟಿಯಾದ ಹೆಪಾರಿನ್ನಿನ ಪೈರು ತನ್ನ ಕೈಲಾದಷ್ಟು ದುಡಿಯುತ್ತಿರುತ್ತದೆ. ಹೊರಗೆ ಬೆಂಚಿನ ಮೇಲೆ ರೋಗಿಯ ಮನೆಯವರು ಬೆಳಗಾಗುವುದನ್ನೇ ಕಾಯುತ್ತಿರುತ್ತಾರೆ. ಲೇಪಕ್ಕೆ ಎಟುಕದ ಕೆಲಸವನ್ನು ಆ ಎರಡು ಕಣ್ಣುಗಳು ಮಾಡಬೇಕು.